ಒತ್ತು, ಹಿಡ್ಕ, ಬಿಡು

ನಮ್ಮ ಹಳೆಯ ಜೀಪಿನ ಟೂಲ್ ಬಾಕ್ಸಿನಲ್ಲಿ ಸ್ಪ್ಯಾನರು, ಸ್ಕ್ರೂಡ್ರೈವರುಗಳ ನಡುವೆ ಒಂದು ತುಂಡು ಸಲೈನ್ ಟ್ಯೂಬು ಸುತ್ತಿಟ್ಟಿದೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುತ್ತಾರಲ್ಲ, ಅದೇ ತೆಳು ಕೊಳವೆ. ಮೊನ್ನೆ ಸಾಗರದಲ್ಲಿ ಪಂಕ್ಚರ್ ಹಾಕಿಸುವಾಗ ಜಾಕ್ ಹುಡುಕಲು ಪೆಟ್ಟಿಗೆ ತೆರೆದ ಅಂಗಡಿಯವನು ಅದನ್ನೆತ್ತಿ ಹಿಡಿದು, "ಎಂಥ ಸಾರ್ ಇದು, ಜೀಪಿಗೂ ಡ್ರಿಪ್ ಹಾಕಸ್ತೀರಾ?" ಎಂದ.

"ವರ್ಷಕ್ಕೊಂದ್ಸಲ" ಎಂದೆ.

ಅವನು ತಮಾಷೆ ಎಂದುಕೊಂಡು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಬ್ರೇಕಿನ ಗಾಳಿ ತೆಗೆಯುವ ಕೆಲಸವನ್ನು ನಿಮ್ಮಲ್ಲಿ ಎಷ್ಟು ಜನ ಮನೆಯಲ್ಲಿ ಮಾಡಿದ್ದೀರೋ ಕಾಣೆ. ಈಗಿನವರು ಗಾಡಿಯನ್ನು ಸರ್ವೀಸಿಗೆ ಬಿಟ್ಟು, ತಣ್ಣನೆಯ ಕೋಣೆಯಲ್ಲಿ ಕೂತು ಚಹಾ ಕುಡಿದು, ಬೀಗದ ಕೈ ತೆಗೆದುಕೊಂಡು ಬರುತ್ತಾರೆ. ತಪ್ಪೇನೂ ಇಲ್ಲ. ಆದರೆ ಹಳೆಯ ಗಾಡಿ ಕಟ್ಟಿಕೊಂಡವನು ಅದರ ಹೊಟ್ಟೆಯ ಕೆಳಗೆ ಮಲಗಲು ಕಲಿಯಲೇಬೇಕು. ವಿಷಯ ಇಷ್ಟೇ. ಪೆಡಲು ಒತ್ತಿದಾಗ ಚಕ್ರ ನಿಲ್ಲುವುದು ಕೊಳವೆಗಳಲ್ಲಿ ತುಂಬಿರುವ ಬ್ರೇಕ್ ಆಯಿಲಿನಿಂದ. ಅದರೊಳಗೆ ಎಲ್ಲಾದರೂ ಒಂದು ಗುಳ್ಳೆ ಗಾಳಿ ಸೇರಿಕೊಂಡರೆ ನಾವು ಒತ್ತಿದ ಬಲವನ್ನೆಲ್ಲ ಆ ಗಾಳಿಯೇ ತಿಂದುಬಿಡುತ್ತದೆ. ಕಾಲು ಕೆಳಗೆ ಹೋಗುತ್ತದೆ, ಗಾಡಿ ಮುಂದೆ ಹೋಗುತ್ತದೆ. ನಮ್ಮ ಕಡೆಯ ಇಳಿಜಾರುಗಳಲ್ಲಿ ಗಾಡಿ ಮುಂದೆ ಹೋಗುವುದು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಚಕ್ರದ ಹಿಂದೆ ಮಲಗಬೇಕು, ಇನ್ನೊಬ್ಬರು ಸೀಟಿನಲ್ಲಿ ಕೂತು ಪೆಡಲಿನ ಮೇಲೆ ಕಾಲಿಡಬೇಕು. ಮೇಲಿನವರು ಒತ್ತಿ ಹಿಡಿದಾಗ ಕೆಳಗಿನವರು ಚಕ್ರದ ಹಿಂದಿರುವ ಸಣ್ಣ ತಿರುಪನ್ನು ಸಡಿಲಿಸುತ್ತಾರೆ. ಅದಕ್ಕೆ ಸಿಕ್ಕಿಸಿದ ಕೊಳವೆಯಲ್ಲಿ ಆಯಿಲೂ ಗುಳ್ಳೆಗಳೂ ಹರಿದು ಬಾಟಲಿಗೆ ಬೀಳುತ್ತವೆ. ಕೊಳವೆ ಪಾರದರ್ಶಕವಾಗಿದ್ದರೆ ಗುಳ್ಳೆ ಕಾಣುತ್ತದೆ. ಸಲೈನ್ ಟ್ಯೂಬಿನ ಗುಟ್ಟು ಅದು. ತಿರುಪನ್ನು ಮತ್ತೆ ಬಿಗಿ ಮಾಡುವವರೆಗೆ ಮೇಲಿನವರು ಕಾಲು ತೆಗೆಯುವಂತಿಲ್ಲ. ತೆಗೆದರೆ ಹೊರಗಿನ ಗಾಳಿ ಮತ್ತೆ ಒಳಗೆ ನುಗ್ಗುತ್ತದೆ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲವಾದ್ದರಿಂದ ಇದು ಪೂರ್ತಿ ಮಾತಿನ ಮೇಲೆ ನಡೆಯುವ ಕೆಲಸ. ಒತ್ತು. ಒತ್ತಿದೆ. ಹಿಡ್ಕ. ಹಿಡ್ದೆ. ಬಿಡು. ಬಿಟ್ಟೆ.

ಬ್ರೇಕಿನ ವಿಚಾರದಲ್ಲಿ ನನಗೆ ಇಷ್ಟು ಭಯ ಯಾಕೆ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಚಿಕ್ಕಂದಿನಲ್ಲಿ ಅಪ್ಪನ ಎತ್ತಿನ ಗಾಡಿಗೆ ಬ್ರೇಕು ನಾವೇ ಆಗಿದ್ದೆವು. ಗೊಬ್ಬರವೋ ಹುಲ್ಲೋ ತುಂಬಿದ ಗಾಡಿ ದಿಬ್ಬ ಇಳಿಯುವಾಗ ಅಪ್ಪ ಮುಂದೆ ಎತ್ತುಗಳ ಮೂಗುದಾರ ಹಿಡಿದು, "ನೇತ್ಬೀಳ್ರೋ" ಎನ್ನುತ್ತಿದ್ದರು. ಅಣ್ಣಂದಿರೂ ನಾನೂ ಗಾಡಿಯ ಹಿಂಭಾಗಕ್ಕೆ ಜೋತುಬಿದ್ದು, ಹಿಮ್ಮಡಿಯನ್ನು ನೆಲಕ್ಕೆ ಊರಿ ಉಜ್ಜುತ್ತ ಇಳಿಯುತ್ತಿದ್ದೆವು. ಗಾಡಿ ನಿಂತದ್ದು ನಮ್ಮಿಂದಲೋ ಎತ್ತುಗಳ ಬುದ್ಧಿಯಿಂದಲೋ ಗೊತ್ತಿಲ್ಲ. ಹಿಮ್ಮಡಿಯ ಚರ್ಮ ಸುಲಿದದ್ದಂತೂ ನಮ್ಮದೇ.

ಆಮೇಲೆ ನಾನು ಜೋಗದ ವಿದ್ಯುದಾಗಾರದಲ್ಲಿ ಕೆಲಸಕ್ಕೆ ಸೇರಿದೆ. ಮನೆಯಷ್ಟು ದೊಡ್ಡ ಯಂತ್ರವನ್ನು ಗುಂಡಿ ಒತ್ತಿ ನಿಲ್ಲಿಸುವ ಕೆಲಸ. ಅಂಥವನು ಮನೆಗೆ ಬಂದರೆ ಮಿಕ್ಸಿಯ ಫ್ಯೂಸು ಹಾಕಲು ಬಾರದೆ ನಿಲ್ಲುತ್ತಿದ್ದೆ. ಕ್ವಾರ್ಟರ್ಸಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಅಂಥ ನಾನು ಹರಾಜಿನಲ್ಲಿ ಒಂದು ಹಳೆಯ ಜೀಪು ತಂದು ಬಾಗಿಲಿಗೆ ನಿಲ್ಲಿಸಿದಾಗ ನನ್ನ ಹೆಂಡತಿ ಗಿರಿಜೆ ಅದನ್ನು ಒಂದು ಸುತ್ತು ಬಂದು ನೋಡಿ, "ಇದನ್ನ ಓಡ್ಸೂದಕ್ಕೆ ತಂದ್ರೋ, ಪೂಜೆ ಮಾಡೂದಕ್ಕೆ ತಂದ್ರೋ?" ಎಂದು ಕೇಳಿದಳು. ಹಲವು ವರ್ಷ ಎರಡನ್ನೂ ಮಾಡಿದೆ.

ಮೊದಲ ಸಲ ಬ್ರೇಕಿನ ಗಾಳಿ ತೆಗೆಯುವಾಗ ಪೆಡಲು ಒತ್ತಲು ನನ್ನ ಜೊತೆಯ ನೌಕರನೊಬ್ಬನನ್ನು ಕರೆದಿದ್ದೆ. ಅವನು ಸರಿಯಾಗಿ ಹಿಡಿದುಕೊಳ್ಳಬೇಕಾದ ಹೊತ್ತಿಗೆ ಸೀನಿದ. ಸೀನಿನ ಜೊತೆ ಕಾಲೂ ಮೇಲೆ ಹೋಯಿತು. ಬೆಳಗ್ಗೆ ಶುರುಮಾಡಿದ್ದು ಮಧ್ಯಾಹ್ನವಾದರೂ ಮುಗಿಯಲಿಲ್ಲ. ಒಳಗಿನಿಂದ ನೋಡುತ್ತಿದ್ದ ಗಿರಿಜೆ ಸೆರಗು ಸಿಕ್ಕಿಸಿಕೊಂಡು ಬಂದು, "ನೀವಿಳೀರಿ ಅಣ್ಣ, ಊಟ ಮಾಡ್ಕಂಡು ಹೋಗಿ" ಎಂದು ಅವನನ್ನು ಇಳಿಸಿ ತಾನು ಹತ್ತಿ ಕೂತಳು. ಅಲ್ಲಿಂದ ಮುಂದೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕುವಷ್ಟೇ ನಿಯಮವಾಗಿ ಬ್ರೇಕಿನ ಕೆಲಸವೂ ನಡೆಯತೊಡಗಿತು. ಬ್ರೇಕ್ ಆಯಿಲಿಗೆ ನೀರಿನ ಪಸೆ ಎಳೆದುಕೊಳ್ಳುವ ಗುಣವಿದೆ. ನಮ್ಮ ಸೀಮೆಯಲ್ಲಿ ಬೂಟಿನೊಳಗೆ ಅಣಬೆ ಏಳುತ್ತದೆ, ಇನ್ನು ಆಯಿಲು ಕೆಡದೆ ಇರುತ್ತದೆಯೇ?

ಗಿರಿಜೆಗೆ ಡ್ರೈವಿಂಗ್ ಬರುವುದಿಲ್ಲ. ಕಲಿಯುವ ಆಸೆಯೂ ಅವಳಿಗಿರಲಿಲ್ಲ. ಆದರೆ ಪೆಡಲಿನ ಹದ ಹೇಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಹೊಸನಗರದ ಹತ್ತಿರ ಗದ್ದೆ ಬೇಸಾಯದ ಮನೆಯಲ್ಲಿ ಹುಟ್ಟಿದವಳು. ಕಾಲಿನಿಂದ ನೆಲ ತಿಳಿಯುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಕೆಳಗಿನಿಂದ ನಾನು, "ಹೆಂಗಿದೆ?" ಎಂದು ಕೇಳಿದರೆ ಮೊದಮೊದಲು, "ಗದ್ದೆ" ಎನ್ನುತ್ತಿದ್ದಳು. ಕೆಸರಿಗೆ ಕಾಲಿಟ್ಟಂತೆ ಮೆತ್ತಗಿದೆ, ಗಾಳಿ ಬಹಳವಿದೆ ಎಂದು ಅರ್ಥ. ಒಂದೆರಡು ಚಕ್ರವಾದ ಮೇಲೆ, "ಬದು ಸಿಕ್ತು" ಎನ್ನುತ್ತಿದ್ದಳು. ಗಟ್ಟಿಯಾಗುತ್ತಿದೆ, ಆದರೆ ಒತ್ತಿದರೆ ಇನ್ನೂ ಕುಸಿಯುತ್ತದೆ. ಕೊನೆಗೆ, "ಕಣ" ಎಂದರೆ ಮುಗಿಯಿತು. ಸಗಣಿ ಸಾರಿಸಿ, ಬಡಿದು, ಒಣಗಿಸಿದ ಕಣದ ನೆಲದ ಹಾಗೆ ಕಾಲಿಗೆ ಗಟ್ಟಿಯಾಗಿ ಸಿಗುತ್ತಿದೆ. ಅವಳು ಕಣ ಎನ್ನದೆ ನಾನು ಜೀಪನ್ನು ಗೇಟು ದಾಟಿಸಿದವನಲ್ಲ.

ನಮಗೆ ಮಕ್ಕಳಾಗಲಿಲ್ಲ. ಹಾಗೆಂದು ಜೀಪೇ ನಮ್ಮ ಮಗು ಎಂದೆಲ್ಲ ಯಾರಾದರೂ ನೆಂಟರು ಅಂದರೆ ಗಿರಿಜೆಗೆ ಸಿಟ್ಟು ಬರುತ್ತಿತ್ತು. "ಜೀಪು ಜೀಪೇ" ಎನ್ನುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ ಆದ್ದರಿಂದ ಜಗಳಕ್ಕೂ ನಾವಿಬ್ಬರೇ. ಒಂದು ವರ್ಷ ಯಾವುದೋ ಮದುವೆಗೆ ಹೋಗುವ ಬಿಡುವ ವಿಷಯಕ್ಕೆ ಮಾತು ಬಿಟ್ಟಿದ್ದೆವು. ಬ್ರೇಕಿನ ಕೆಲಸ ಅದೇ ವಾರ ಬಂತು. ಅವಳು ಸುಮ್ಮನೆ ಬಂದು ಸೀಟಿನಲ್ಲಿ ಕೂತಳು, ನಾನು ಸುಮ್ಮನೆ ಕೆಳಗೆ ತೂರಿದೆ. ಒತ್ತು ಎಂದೆ, ಒತ್ತಿದೆ ಎಂದಳು. ನಾಲ್ಕೂ ಚಕ್ರ ಮುಗಿಯುವ ಹೊತ್ತಿಗೆ ಅಷ್ಟೊಂದು ಸಲ ಮಾತಾಡಿಬಿಟ್ಟಿದ್ದೆವು. ಮತ್ತೆ ಮಾತು ಬಿಡುವುದು ಇಬ್ಬರಿಗೂ ನಾಚಿಕೆಯೆನಿಸಿತು.

ನಿವೃತ್ತಿಯಾದ ಮೇಲೆ ಜೋಗ ಬಿಟ್ಟು ಸಾಗರದಲ್ಲಿ ಒಂದು ಪುಟ್ಟ ಮನೆ ಮಾಡಿಕೊಂಡೆವು. ಜೀಪಿಗೆ ಶೀಟು ಹೊದೆಸಿದ ಒಂದು ಶೆಡ್ಡು. ಪಕ್ಕದ ಮನೆಯಲ್ಲಿ ಪಾಸ್ಕಲ್, ಬೇಕರಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಹೀಗೆ ಎಲ್ಲ ಸರಿಯಿರುವಾಗಲೇ, ಹೋದ ವರ್ಷ ಚಳಿಗಾಲದ ಒಂದು ಬೆಳಗ್ಗೆ, ತಲೆ ಬಾಚಿಕೊಳ್ಳುತ್ತಿದ್ದ ಗಿರಿಜೆಯ ಬಲಗೈಯಿಂದ ಬಾಚಣಿಗೆ ಬಿತ್ತು. ಎತ್ತಿಕೊಡು ಎನ್ನುವಂತೆ ನನ್ನ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ. ಪಾಸ್ಕಲ್ ಮಗನ ಕಾರಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಬಲಗೈ ಬಲಗಾಲಿಗೆ ಶಕ್ತಿ ಕಡಿಮೆಯಾಗಿದೆ, ಮಾತಿನ ಜಾಗಕ್ಕೂ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ನಾನು ನಗೆಪಾಟಲಾದ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಅವಳ ಕೈಗೆ ಹಾಕಿದ್ದ ಡ್ರಿಪ್ಪಿನ ಕೊಳವೆಯನ್ನು ನೋಡುತ್ತ ಕೂತಿದ್ದೆ. ಅಷ್ಟು ವರ್ಷ ಅಂಥದೇ ಕೊಳವೆಯಲ್ಲಿ ಗುಳ್ಳೆ ಹುಡುಕಿದ ಕಣ್ಣು. ಒಂದು ಸಾಸಿವೆಯಷ್ಟು ಗುಳ್ಳೆ ಇಳಿಯುವುದು ಕಂಡದ್ದೇ ಎದ್ದುನಿಂತು, "ಸಿಸ್ಟರ್, ಗಾಳಿ ಸೇರಿದೆ, ಬಂದ್ ಮಾಡಿ" ಎಂದು ಇಡೀ ವಾರ್ಡು ತಿರುಗಿ ನೋಡುವಂತೆ ಕೂಗಿದೆ. ನರ್ಸು ಓಡಿಬಂದು ನೋಡಿ, "ಅಷ್ಟ್ ಸಣ್ಣದ್ರಿಂದ ಏನೂ ಆಗಲ್ಲ ಅಜ್ಜ, ಕೂತ್ಕೊಳ್ಳಿ" ಎಂದರು. ಕೂತೆ. ಆದರೂ ಆ ಗುಳ್ಳೆ ಎಲ್ಲಿ ಹೋಯಿತು ಎಂದು ಕಣ್ಣಿನಲ್ಲೇ ಹಿಂಬಾಲಿಸಿದೆ. ಗಿರಿಜೆ ಮಲಗಿದ್ದಲ್ಲಿಂದಲೇ ನನ್ನನ್ನು ನೋಡಿ ತುಟಿಯ ಎಡ ಅಂಚಿನಲ್ಲಿ ನಕ್ಕಳು. ಆಸ್ಪತ್ರೆಯಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಮನೆಗೆ ಬಂದ ಮೇಲೆ ಅವಳ ಬಾಯಲ್ಲಿ ಉಳಿದದ್ದು ಒಂದೇ ಮಾತು: "ಅದೇ." ನೀರು ಬೇಕಾದರೂ ಅದೇ, ಬೇಡವಾದರೂ ಅದೇ. ಕಿಟಕಿ ಹಾಕು ಎನ್ನುವುದಕ್ಕೂ, ಕಾಲು ನೋಯುತ್ತಿದೆ ಎನ್ನುವುದಕ್ಕೂ ಅದೇ. ನಾವು ಹೇಳಿದ್ದು ಅವಳಿಗೆ ಅರ್ಥವಾಗುತ್ತಿತ್ತು. ತಾನು ಹೇಳಬೇಕಾದ್ದೂ ಅವಳಿಗೆ ಗೊತ್ತಿತ್ತು. ನಡುವೆ ಎಲ್ಲೋ ಪದ ಮಾತ್ರ ಸಿಗುತ್ತಿರಲಿಲ್ಲ. ಮನೆಗೇ ಬಂದು ವ್ಯಾಯಾಮ ಮಾಡಿಸುತ್ತಿದ್ದ ಸಹನಾ ಎಂಬ ಹುಡುಗಿ, "ಅಂಕಲ್, ನೀವು ಜಾಸ್ತಿ ಜಾಸ್ತಿ ಮಾತಾಡಿಸ್ಬೇಕು" ಎಂದಳು. ಕಷ್ಟಕ್ಕೆ ಸಿಕ್ಕಿಕೊಂಡೆ. ನಮ್ಮ ಮನೆಯಲ್ಲಿ ಮಾತಾಡುವ ಖಾತೆ ಯಾವಾಗಲೂ ಅವಳದಾಗಿತ್ತು. ನನ್ನದು ಹೂಂ ಎನ್ನುವ ಖಾತೆ. ಏನು ಮಾತಾಡಬೇಕೆಂದು ತಿಳಿಯದೆ ಪೇಪರನ್ನು ಗಟ್ಟಿಯಾಗಿ ಓದತೊಡಗಿದೆ. ಹವಾಮಾನ ವರದಿ ಮುಗಿಯುವ ಮೊದಲೇ ಅವಳು ಕಣ್ಣು ಮುಚ್ಚುತ್ತಿದ್ದಳು. ಅಂಗಡಿಯಿಂದ ಮಕ್ಕಳ ಚಿತ್ರಪಟ ತಂದು ಹಸುವಿನ ಮೇಲೆ ಬೆರಳಿಟ್ಟು, "ಇದೆಂಥ ಹೇಳು" ಎಂದೆ. ಅವಳು ಹಸುವನ್ನು ನೋಡಿದಳು, ನನ್ನನ್ನು ನೋಡಿದಳು, ಎಡಗೈಯಿಂದ ಪಟವನ್ನು ಕಿತ್ತು ಮೂಲೆಗೆ ಎಸೆದಳು. ಹಸು ಕರೆದು, ಕರು ಹಾಕಿಸಿ ಬೆಳೆದವಳಿಗೆ ನಾನು ಹಸು ತೋರಿಸಲು ಹೋಗಿದ್ದೆ.

ಅವಳ ತಂಗಿ ಕುಸುಮ ತೀರ್ಥಹಳ್ಳಿಯಲ್ಲಿದ್ದಾಳೆ. ಮಂಡಿಯ ಆಪರೇಷನ್ ಆಗಿ ಅವಳೂ ವಾಕರ್ ಹಿಡಿದು ಓಡಾಡುವ ಸ್ಥಿತಿ. ಬರಲಾಗದ್ದಕ್ಕೆ ದಿನಾ ಫೋನು ಮಾಡುತ್ತಿದ್ದಳು. "ಭಾವ, ಅಕ್ಕಂಗೆ ಕೊಡಿ" ಎನ್ನುವಳು. ನಾನು ಫೋನನ್ನು ಗಿರಿಜೆಯ ಕಿವಿಗೆ ಹಿಡಿಯುತ್ತಿದ್ದೆ. "ಅಕ್ಕ, ನಾನು ಕಣೆ" ಎಂದರೆ ಇವಳು, "ಅದೇ... ಅದೇ" ಎನ್ನುವಳು. ಆ ಕಡೆ ಅಳು ಶುರುವಾಗುತ್ತಿತ್ತು. ಸ್ವಲ್ಪ ದಿನ ಹೀಗೆ ನಡೆಯಿತು. ಒಂದು ದಿನ ಗಿರಿಜೆ ಫೋನನ್ನು ಕೈಯಿಂದ ಸರಿಸಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಂದಿನಿಂದ ಅದೇ ಎನ್ನುವುದನ್ನೂ ನಿಲ್ಲಿಸಿದಳು. ವ್ಯಾಯಾಮಕ್ಕೆ ಬಂದ ಸಹನಾ ಕಾಲು ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತಿದ್ದಳು. "ಹಿಂಗೆ ಬಿಟ್ರೆ ಕಾಲೂ ಹೋಗುತ್ತೆ ಅಂಕಲ್" ಎಂದು ಸಹನಾ ಗೇಟಿನ ಹತ್ತಿರ ಮೆಲ್ಲಗೆ ಹೇಳಿ ಹೋದಳು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಆಸ್ಪತ್ರೆಯಲ್ಲಿ ಇವಳು ಹೋಗಿಬಿಡುತ್ತಾಳೆ ಎಂದು ಹೆದರಿದ್ದೆ. ಈಗ ಮನೆಯಲ್ಲೇ ಇದ್ದುಕೊಂಡು ಹೋಗುತ್ತಿದ್ದಾಳೆ ಅನ್ನಿಸಿತು.

ತಂಗಿಯ ಮುಖ ನೋಡಿದರೆ ಸರಿಯಾದಾಳು ಎಂದು ಒಂದು ಬಾಡಿಗೆ ಕಾರು ಹೇಳಿದೆ. ಕಾರು ಬಾಗಿಲಿಗೆ ಬಂತು. ಕೋಲು ಊರಿಕೊಂಡು, ನನ್ನ ಭುಜ ಹಿಡಿದು ಗೇಟಿನವರೆಗೆ ಬಂದವಳು ಕಾರಿನ ಬಾಗಿಲು ತೆರೆದದ್ದೇ ನಿಂತುಬಿಟ್ಟಳು. ಎಷ್ಟು ಹೇಳಿದರೂ ಹತ್ತಲಿಲ್ಲ. ಕೋಲೆತ್ತಿ ಶೆಡ್ಡಿನ ಕಡೆ ತೋರಿಸಿ, "ಅದೇ" ಎಂದಳು.

ಅಷ್ಟು ತಿಂಗಳಲ್ಲಿ ಆ ಒಂದು ಸಲ ಆ ಪದ ಸರಿಯಾದ ಜಾಗದಲ್ಲೇ ಬಿದ್ದಿತ್ತು. ಅವಳು ಹೇಳಿದ್ದು ಜೀಪನ್ನೇ.

ಜೀಪು ಅವಳು ಮಲಗಿದಾಗಿನಿಂದ ಅಲ್ಲಾಡಿರಲಿಲ್ಲ. ಹಿಂದಿನ ಚಕ್ರದ ಬುಡದಲ್ಲಿ ಬ್ರೇಕ್ ಆಯಿಲು ಸೋರಿ ನೆಲ ಕಪ್ಪಾಗಿತ್ತು. ಪೆಡಲು ಮೆಟ್ಟಿದರೆ ಸೀದಾ ಕೆಳಗೆ. ಇಂಥ ಗಾಡಿಯಲ್ಲಿ ಇವಳನ್ನು ಕೂರಿಸಿಕೊಂಡು ತೀರ್ಥಹಳ್ಳಿಯ ತಿರುವುಗಳಲ್ಲಿ ಇಳಿಯುವ ಮಾತೇ ಇರಲಿಲ್ಲ. ಒಳಗಿನ ರಬ್ಬರುಗಳನ್ನು ಬದಲಾಯಿಸಿದೆ, ಹೊಸ ಆಯಿಲು ತಂದೆ, ಗಾಳಿ ತೆಗೆಯಲು ಪಾಸ್ಕಲ್ ಅವರನ್ನು ಕರೆದೆ.

ಗಿರಿಜೆಯನ್ನು ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿದ್ದೆ. ಪಾಸ್ಕಲ್ ಬಹಳ ಒಳ್ಳೆಯ ಮನುಷ್ಯ. ಅವರ ಕಾಲು ಮಾತ್ರ ಅವರ ಮಾತು ಕೇಳುವುದಿಲ್ಲ. ನಾನು ಒತ್ತಿ ಎಂದರೆ ಹಿಟ್ಟು ನಾದುವವರ ಹಾಗೆ ದಬದಬ ಒತ್ತಿದರು. ಹಿಡ್ಕಳಿ ಎಂದರೆ, "ಹಿಡ್ದಿದೀನಿ ನಾಯ್ಕರೆ" ಎನ್ನುತ್ತಲೇ ಜೇಬಿನಲ್ಲಿ ಅರಚುತ್ತಿದ್ದ ಫೋನು ತೆಗೆಯಲು ಎದ್ದರು. ಕೊಳವೆಯಲ್ಲಿ ಹೊರಟಿದ್ದ ಗುಳ್ಳೆಗಳು ಸರಸರ ಹಿಂದಕ್ಕೆ ಹೋದವು. ಮತ್ತೆ ಮೊದಲಿನಿಂದ. ಎರಡನೆಯ ಸಲ ಬಿಡಿ ಎನ್ನುವ ಮೊದಲೇ ಬಿಟ್ಟರು. ಮೂರನೆಯ ಸಲ ಬಿಡಿ ಎಂದ ಮೇಲೂ ಬಿಡಲಿಲ್ಲ. ಜಗಲಿಯಿಂದ ನಾಲಿಗೆಯಲ್ಲಿ ಲೊಚ್ ಎನ್ನುವ ಸದ್ದು ಕೇಳಿಸಿತು. ಇನ್ನೊಂದು ಸಲ ತಪ್ಪಿದಾಗ ಕೋಲಿನಿಂದ ನೆಲ ಕುಟ್ಟಿದ ಸದ್ದು.

"ಅಕ್ಕಾವ್ರಿಗೆ ಬೇಜಾರಾತು ಅಂತ ಕಾಣ್ತದೆ" ಎಂದರು ಪಾಸ್ಕಲ್. "ಊಟ ಮಾಡ್ಕಂಡು ಬತ್ತೀನಿ, ಆಮೇಲೆ ನೋಡಣ."

ಅವರು ಹೋದರು. ನಾನು ಕೈ ಒರೆಸಿಕೊಳ್ಳುತ್ತ ಜೀಪಿನ ಕೆಳಗಿನಿಂದ ಹೊರಬಂದು ನೋಡಿದರೆ ಗಿರಿಜೆ ಜಗಲಿಯಲ್ಲಿಲ್ಲ. ತಾನೇ ಎದ್ದು, ಮೆಟ್ಟಿಲಿಳಿದು, ಅಂಗಳ ದಾಟಿ ಬಂದು ಡ್ರೈವರ್ ಬಾಗಿಲ ಹತ್ತಿರ ಕೋಲು ಊರಿ ನಿಂತಿದ್ದಳು. ಒಬ್ಬಳೇ ಮೆಟ್ಟಿಲಿಳಿದದ್ದಕ್ಕೆ ಬೈಯಬೇಕೆಂದವನು ಅವಳ ಮುಖ ನೋಡಿ ಜೀಪಿನ ಬಾಗಿಲು ತೆರೆದೆ. ಅಂದು ಜೋಗದ ಕ್ವಾರ್ಟರ್ಸಿನಲ್ಲಿ ಸೆರಗು ಸಿಕ್ಕಿಸಿ ಬಂದವಳ ಮುಖವೇ ಅದು.

ಹತ್ತಿಸುವುದು ಸುಲಭವಾಗಲಿಲ್ಲ. ಜೀಪು ಎತ್ತರ. ಒಂದು ಮಣೆ ಇಟ್ಟೆ, ಸೊಂಟ ಹಿಡಿದೆ. ಅವಳು ಎಡಗೈಯಲ್ಲಿ ಕಂಬಿ ಹಿಡಿದು ಏದುಸಿರು ಬಿಡುತ್ತ ಕೊನೆಗೂ ಸೀಟಿಗೆ ಬಂದಳು. ಬಲಗಾಲನ್ನು ಕೈಯಿಂದಲೇ ಎತ್ತಿ ಪೆಡಲಿನ ಮೇಲಿಟ್ಟುಕೊಂಡಳು. ಒತ್ತಲು ಹೋದಳು, ಪಾದ ಜಾರಿ ಪಕ್ಕಕ್ಕೆ ಬಿತ್ತು. ಇನ್ನೊಮ್ಮೆ ಇಟ್ಟಳು, ಇನ್ನೊಮ್ಮೆ ಬಿತ್ತು. ಸಾಕು ಇಳಿ ಎಂದು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವಳು ಬಲಗಾಲನ್ನು ಬದಿಗೆ ಸರಿಸಿ ಎಡಗಾಲು ತಂದಿಟ್ಟಳು. ನನ್ನ ಕಡೆ ನೋಡಿ, ಇನ್ನೇನು ನಿಂತಿದ್ದೀರಿ ಎನ್ನುವಂತೆ ಗದ್ದ ಕೆಳಗೆ ಮಾಡಿ ನೆಲ ತೋರಿಸಿದಳು.

ಹಿಂದಿನ ಎಡ ಚಕ್ರದ ಬಳಿ ಮಲಗಿ, ತಿರುಪಿಗೆ ಸ್ಪ್ಯಾನರ್ ಹಾಕಿ, ಕೊಳವೆಯ ತುದಿಯನ್ನು ಬಾಟಲಿಗಿಟ್ಟು, "ಒತ್ತು" ಎಂದೆ. ಉತ್ತರ ಬರುತ್ತದೆಂದು ಹೇಳಿದ್ದಲ್ಲ. ಆ ಜಾಗದಲ್ಲಿ ಮಲಗಿದರೆ ಬಾಯಿಗೆ ಬರುವ ಮಾತು ಅದು.

ಪೆಡಲಿನ ಸ್ಪ್ರಿಂಗು ಕಿರುಗುಟ್ಟಿತು. ಆಮೇಲೆ ಮೇಲಿನಿಂದ, ಸ್ವಲ್ಪ ಒರಟಾಗಿ, ಸ್ವಲ್ಪ ತೊದಲಿ, ಕೇಳಿಸಿತು.

"ಒತ್ತಿದೆ."

ನಾನು ಅಲ್ಲಾಡಲಿಲ್ಲ. ಎದ್ದು ಓಡಿಹೋಗಿ ಮುಖ ನೋಡಬೇಕೆನಿಸಿತು. ಆದರೆ ಅವಳ ಕಾಲು ಪೆಡಲಿನ ಮೇಲಿತ್ತು, ಅಷ್ಟು ಕಷ್ಟದಲ್ಲಿ ಒತ್ತಿದ ಕಾಲು. ಕೆಲಸ ನಡುವೆ ಬಿಟ್ಟು ಎದ್ದರೆ ಅವಳಿಗೆ ಸೇರುತ್ತಿರಲಿಲ್ಲ. ಆದಷ್ಟು ಮಾಮೂಲಿನ ದನಿಯಲ್ಲಿ, "ಹಿಡ್ಕ" ಎಂದೆ.

"ಹಿಡ್... ಹಿಡ್ದೆ."

ತಿರುಪು ಸಡಿಲಿಸಿದೆ. ಗುಳ್ಳೆಗಳು ಹೊರಟವು. ಬಿಗಿ ಮಾಡಿದೆ.

"ಬಿಡು."

"ಬಿಟ್ಟೆ."

ಹೀಗೆ ಹಿಂದಿನ ಎರಡು ಚಕ್ರ ಮುಗಿಸಿದೆ. ಒಂದು ಸಲವೂ ಅವಳು ತಪ್ಪಲಿಲ್ಲ. ಮುಂದಿನ ಚಕ್ರಕ್ಕೆ ಬಂದಾಗ ಧೈರ್ಯ ಮಾಡಿ, "ಹೆಂಗಿದೆ?" ಎಂದೆ. ಕೇಳಿದ ಮೇಲೆ ತಪ್ಪು ಮಾಡಿದೆ ಅನ್ನಿಸಿತು. ಇದಕ್ಕೆ ಉತ್ತರ ಅವಳೇ ಹುಡುಕಬೇಕು. ಪೆಡಲನ್ನು ಒಮ್ಮೆ ಒತ್ತಿ ನೋಡಿದಳು. ಮತ್ತೊಮ್ಮೆ ಒತ್ತಿದಳು. ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು.

"ಗ... ಗ... ಗದ್ದೆ."

ಬ್ರೇಕ್ ಆಯಿಲು ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ, ನೀರು ಬರುತ್ತದೆ. ಆ ದಿನ ಕಣ್ಣಿಗೆ ಆಯಿಲು ಬಿದ್ದಿರಲಿಲ್ಲ.

ನಿಜ ಹೇಳಬೇಕೆಂದರೆ ಅಂದು ಅಗತ್ಯಕ್ಕಿಂತ ಬಹಳ ಹೆಚ್ಚು ಸಲ ಗಾಳಿ ತೆಗೆದೆ. ಕೊಳವೆಯಲ್ಲಿ ಗುಳ್ಳೆಯ ಸುಳಿವೇ ಇಲ್ಲದಿದ್ದರೂ ಒತ್ತು ಎನ್ನುತ್ತಿದ್ದೆ, ತಂದಿದ್ದ ಆಯಿಲೆಲ್ಲ ಬಾಟಲಿ ಸೇರುವವರೆಗೆ. ಬದು ಎನ್ನುವ ಪದ ಅವಳಿಗೆ ಸಿಗಲೇ ಇಲ್ಲ. ಕೈಯಲ್ಲಿ ಸೀಟಿನ ಅಂಚು ತಟ್ಟಿ ತೋರಿಸಿದಳು, ಕೆಳಗಿದ್ದ ನನಗೆ ಆ ಸದ್ದಷ್ಟೇ ಕೇಳಿಸಿತು. ಆದರೆ ಕೊನೆಗೆ, ನಾನು ಕೇಳುವ ಮೊದಲೇ, "ಕಣ" ಎಂದಳು. ಎದ್ದು ಬಾಗಿಲ ಹತ್ತಿರ ಹೋಗಿ ನೋಡಿದೆ. ಅವಳು ಕತ್ತು ಚಾಚಿ ಮುಂದಿನ ಕನ್ನಡಿಯಲ್ಲಿ ತನ್ನ ಬಾಯಿಯನ್ನೇ ನೋಡಿಕೊಳ್ಳುತ್ತಿದ್ದಳು. ಒಳಗಿನಿಂದ ಬಂದದ್ದು ಯಾರು ಎಂದು ವಿಚಾರಿಸುವವರ ಹಾಗೆ.

ಮರುದಿನ ಸಹನಾಗೆ ಎಲ್ಲ ಹೇಳಿದೆ. ಬಾಯಿಪಾಠವಾದ ಮಾತುಗಳು ಬೇರೆ ದಾರಿಯಲ್ಲಿ ಬರುತ್ತವೆ, ಕೆಲವರು ಮಾತು ಬರದಿದ್ದರೂ ಹಾಡು ಹೇಳುತ್ತಾರೆ, ತುಂಬಾ ಆಸೆ ಇಟ್ಟುಕೊಳ್ಳಬೇಡಿ ಎಂದು ಅವಳು ನಿಧಾನವಾಗಿ ವಿವರಿಸಿದಳು.

"ಗದ್ದೆ ಅಂದ್ಲಲ್ಲ ಮಗ" ಎಂದೆ. "ಅದು ಬಾಯಿಪಾಠ ಅಲ್ಲ. ಕಾಲಿಗೆ ಹತ್ತಿದ್ದನ್ನೇ ಹೇಳಿದ್ದು."

ಅವಳು ಸ್ವಲ್ಪ ಯೋಚಿಸಿ, "ಹಂಗಾದ್ರೆ ದಿನಾ ಜೀಪಲ್ಲೇ ಕೂರ್ಸಣ ಬನ್ನಿ" ಎಂದಳು.

ಅಲ್ಲಿಂದ ನಮ್ಮ ಮನೆಯ ವ್ಯಾಯಾಮ ಶೆಡ್ಡಿನಲ್ಲೇ ನಡೆಯಿತು. ಸಹನಾ ಪಕ್ಕದ ಸೀಟಿನಲ್ಲಿ, ಗಿರಿಜೆ ಡ್ರೈವರ್ ಸೀಟಿನಲ್ಲಿ, ನಾನು ಮುಂದೆ ನಿಂತುಕೊಂಡು ಒತ್ತು, ಹಿಡ್ಕ, ಬಿಡು. ಮೊದಲು ಎಡಗಾಲು, ಆಮೇಲೆ ಬಲಗಾಲಿನ ಮೇಲೆ ಎಡಗಾಲಿಟ್ಟು, ಆಮೇಲೆ ಬಲಗಾಲು ಒಂದೇ. ಪಾಸ್ಕಲ್ ಬೇಲಿಯಾಚೆಯಿಂದ, "ಸಾಗರ ತಾಲ್ಲೂಕಲ್ಲೇ ಇಷ್ಟ್ ಗಟ್ಟಿ ಬ್ರೇಕ್ ಇರೂ ಗಾಡಿ ಇನ್ನೊಂದಿಲ್ಲ" ಎನ್ನುತ್ತಿದ್ದರು. ಮಾತು ಒಮ್ಮೆಲೇ ಬಂದುಬಿಟ್ಟಿತು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಒಂದು ದಿನ "ನೀರು" ಬರುತ್ತಿತ್ತು, ಮಾರನೆಯ ದಿನ ಹೋಗಿರುತ್ತಿತ್ತು. ಕೆಲವು ದಿನ ಏನೂ ಇಲ್ಲ. ಹುಣಸೆಹಣ್ಣು ಬೇಕೆಂದು ಛತ್ರಿ ಕೇಳಿದ ದಿನವೂ ಇದೆ. ನಾನು ಛತ್ರಿ ತಂದುಕೊಟ್ಟು, ಅದನ್ನು ಸಾರಿಗೆ ಹಾಕುವ ಬಗೆ ಕೇಳಿ, ಇಬ್ಬರೂ ನಕ್ಕೆವು. ಆದರೆ ಅವಳು ಗೋಡೆಯ ಕಡೆ ತಿರುಗಿ ಮಲಗುವುದನ್ನು ಬಿಟ್ಟಳು. ನನಗೆ ಅಷ್ಟೇ ಬೇಕಾಗಿತ್ತು. ನಾನೂ ಹವಾಮಾನ ವರದಿ ಓದುವುದನ್ನು ಬಿಟ್ಟೆ.

ಮಳೆ ಶುರುವಾಗುವ ಮೊದಲು ತೀರ್ಥಹಳ್ಳಿಗೆ ಹೊರಟೆವು. ಬೇಕೆಂದೇ ಹೊಸನಗರದ ಮೇಲೆ ಹೋದೆ, ಅವಳ ತವರಿನ ದಾರಿ ಅದು. ಗಿರಿಜೆ ಪಕ್ಕದಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಇಳಿಜಾರು ಬಂದಾಗಲೆಲ್ಲ ನನ್ನ ಕಾಲಿನ ಕಡೆಗೊಮ್ಮೆ, ರಸ್ತೆಯ ಕಡೆಗೊಮ್ಮೆ ನೋಡುವಳು. ಅವಳ ಕಣ್ಣು ಕಾಲಿನ ಮೇಲಿದ್ದುದರಿಂದ ಪರೀಕ್ಷೆಗೆ ಕೂತ ಹುಡುಗನ ಹಾಗೆ ಗೇರು ಬದಲಾಯಿಸುತ್ತ ಓಡಿಸಿದೆ. ಒಂದು ಕಡೆ ದನಗಳ ಹಿಂಡು ರಸ್ತೆಗೆ ಬಂತು. ಬ್ರೇಕು ಹಾಕಿದೆ, ಜೀಪು ಮುಗ್ಗರಿಸದೆ, ಪಕ್ಕಕ್ಕೆ ಎಳೆಯದೆ ನಿಂತಿತು. ಅವಳು ತನ್ನ ಬಲಗಾಲನ್ನೊಮ್ಮೆ ತಟ್ಟಿಕೊಂಡಳು. ಸೇತುವೆಯ ಮೇಲೆ ತುಂಗೆಯನ್ನು ನೋಡಿ ಏನೋ ಹೇಳಲು ಹೊರಟು, ಪದ ಸಿಗದೆ, ಕೈ ಬೀಸಿ ಬಿಟ್ಟುಬಿಟ್ಟಳು. ಹೊಳೆ ಇರುವುದನ್ನು ಹೇಳದಿದ್ದರೂ ನಡೆಯುತ್ತದೆ.

ಜೀಪಿನ ಸದ್ದಿಗೇ ಕುಸುಮ ವಾಕರ್ ದಬ್ಬಿಕೊಂಡು ಬಾಗಿಲಿಗೆ ಬಂದಿದ್ದಳು. ಅಕ್ಕ ಕೋಲೂರಿ ಇಳಿಯುವುದನ್ನು ನೋಡಿದ್ದೇ ಸೆರಗು ಬಾಯಿಗೆ ಒತ್ತಿಕೊಂಡು, "ಎಂಥ ಆಗ್ಬಿಡ್ತೇ ಅಕ್ಕ ನಿಂಗೆ" ಎಂದು ಅಳತೊಡಗಿದಳು. ಫೋನು ಸರಿಸಿ ಗೋಡೆಯ ಕಡೆ ತಿರುಗಿದವಳು ನನ್ನ ಕಣ್ಣಮುಂದೆ ಬಂದಳು. ಗಿರಿಜೆ ನಿಂತಲ್ಲೇ ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. ವಾಕರ್ ನೋಡಿದಳು. ತುಟಿಗಳು ಏನನ್ನೋ ಹುಡುಕಿದವು.

"ಅಳ್ಬೇಡ" ಎಂದಳು. ಸ್ವಲ್ಪ ತಡೆದು, "ಕಾಫಿ ಮಾಡೆ."

ಕುಸುಮಳ ಅಳು ನಿಂತಿತು. "ಮಂಡಿ ನೋಡೆ ನಂದು, ನಿಂತ್ಕಂಡು ಹೆಂಗೆ ಮಾಡ್ಲಿ" ಎಂದಳು, ಮೂಗು ಒರೆಸಿಕೊಳ್ಳುತ್ತ. ಗಿರಿಜೆ ಕೋಲಿನಿಂದ ವಾಕರಿಗೆ ಒಂದು ತಟ್ಟಿ ಒಳಗೆ ನಡೆ ಎನ್ನುವಂತೆ ಮುಂದಕ್ಕೆ ದಬ್ಬಿದಳು. ಅಕ್ಕತಂಗಿ ಇಬ್ಬರೂ ಕೋಲು, ವಾಕರ್ ತಾಗಿಸಿಕೊಳ್ಳುತ್ತ ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಹೋಗಬೇಕೆಂದವನು ಬೇಡವೆಂದು ಮೆಟ್ಟಿಲ ಮೇಲೆ ಕೂತೆ.

ಒಳಗೆ ಪಾತ್ರೆ ಸದ್ದಾಯಿತು. ಒಲೆ ಹತ್ತಿತು. ಸ್ವಲ್ಪ ಹೊತ್ತಿಗೆ ಹಾಲು ಎಷ್ಟು ಹಾಕಬೇಕೆಂದು ಜಗಳ ಶುರುವಾಯಿತು. ಕುಸುಮ ಹಾಲಿಗೆ ನೀರು ಬೆರೆಸದಿದ್ದರೆ ಕಾಫಿ ಯಾಕೆ ರುಚಿಯಾಗುವುದಿಲ್ಲ, ಅಮ್ಮ ಹೇಗೆ ಮಾಡುತ್ತಿದ್ದಳು, ಭಾವನಿಗೆ ಎಂಥದು ಇಷ್ಟ ಎಂದು ಉದ್ದುದ್ದ ಹೇಳುತ್ತಿದ್ದಳು. ಇವಳದು ನಡುನಡುವೆ ಒಂದೊಂದೇ ಪದ: ಬೇಡ, ಹಾಕು, ಅಲ್ಲ, ಸಾಕು. ತುಂಬಾ ಹೊತ್ತು ನಡೆಯಿತು. ಕೊನೆಗೆ ಕಾಫಿ ಬಂದಾಗ ಒಂದು ಗುಟುಕು ಕುಡಿದು ನೋಡಿದೆ. ನೀರು ಬೆರೆಸದ ಗಟ್ಟಿ ಹಾಲಿನದು. ಗೆದ್ದವಳು ಗಿರಿಜೆ.